‘ದೊರೆತ ದೃಶ್ಯಾವಳಿ’ಯ ದೆವ್ವದ ಚಿತ್ರಗಳು: ಪ್ರೇಕ್ಷಕರ ಪ್ರತಿಕ್ರಿಯೆ ಮತ್ತು ಪೋಷಕರು ತಿಳಿಯಬೇಕಾದ ಸಂಗತಿಗಳು

ಸಾಕ್ಷ್ಯಚಿತ್ರದ ರೂಪ ತಳೆದ ದೆವ್ವದ ಕಥಾಚಿತ್ರಗಳನ್ನು ಇಂಗ್ಲಿಷಿನ ‘ಫೌಂಡ್ ಫೂಟೇಜ್’ ಎಂಬ ಹೆಸರಿನಿಂದಲೇ ಕನ್ನಡದಲ್ಲಿಯೂ ಕರೆಯುವುದು ರೂಢಿ. ‘ದೊರೆತ ದೃಶ್ಯಾವಳಿ’ ಎಂದು ಇದನ್ನು ಕನ್ನಡಿಸಬಹುದು. ಕಾಣೆಯಾದವರು ಅಥವಾ ಮೃತಪಟ್ಟವರು ತಾವೇ ಸೆರೆಹಿಡಿದ ದೃಶ್ಯಗಳು ಬಳಿಕ ಯಾರದೋ ಕೈಗೆ ಸಿಕ್ಕವು, ಅವನ್ನೇ ಜೋಡಿಸಿ ಈಗ ತೋರಿಸಲಾಗುತ್ತಿದೆ ಎಂಬುದು ಇಂಥ ಚಿತ್ರಗಳ ಕಥನಕ್ರಮ. ಕಥೆ ಪೂರ್ಣವಾಗಿ ಕಲ್ಪಿತವಾಗಿದ್ದರೂ ನಿರೂಪಣೆ ಮಾತ್ರ ವರದಿಯ ಧಾಟಿಯಲ್ಲಿರುತ್ತದೆ. ಆದ್ದರಿಂದ ಇವುಗಳಿಗೆ ಪ್ರೇಕ್ಷಕರು ತೋರುವ ಪ್ರತಿಕ್ರಿಯೆಯೂ ಉಳಿದ ಭಯಾನಕ ಚಿತ್ರಗಳಿಗಿಂತ ಭಿನ್ನವಾಗಿದೆ.

ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಗೆ ಪ್ರದೇಶಗಳ ಕನ್ನಡ ಮನೆಗಳಲ್ಲಿ ಇಂಥ ಚಿತ್ರಗಳ ತುಣುಕುಗಳನ್ನು ಮಕ್ಕಳು ಚಿತ್ರಮಂದಿರಕ್ಕಿಂತ ಮೊದಲು ಮೊಬೈಲಿನಲ್ಲಿಯೇ ನೋಡುವ ಕಾಲವಿದು. ಚಿತ್ರದ ಹೆಸರು, ನಟರ ಹೆಸರು, ಪ್ರಮಾಣಪತ್ರ ಯಾವುದೂ ಆ ತುಣುಕುಗಳ ಜೊತೆಗೆ ಬರುವುದಿಲ್ಲ. ಪ್ರಕಾರದ ಹಿನ್ನೆಲೆ, ಪ್ರೇಕ್ಷಕರ ಪ್ರತಿಕ್ರಿಯೆಯ ಇತಿಹಾಸ ಹಾಗೂ ಮಕ್ಕಳ ವಿಷಯದಲ್ಲಿ ವಹಿಸಬೇಕಾದ ಎಚ್ಚರಗಳನ್ನು ಈ ಲೇಖನದಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಪ್ರಕಾರದ ಲಕ್ಷಣಗಳು

ಸಾಮಾನ್ಯ ಚಲನಚಿತ್ರದಲ್ಲಿ ‘ಇದು ಕಥೆ’ ಎಂದು ಪ್ರೇಕ್ಷಕನಿಗೆ ನೆನಪಿಸುವ ಹಲವು ಗುರುತುಗಳಿರುತ್ತವೆ. ಪರಿಚಿತ ತಾರೆಯರು, ಹಿನ್ನೆಲೆ ಸಂಗೀತ, ಹಾಡುಗಳು, ಸ್ಥಿರವಾದ ಕ್ಯಾಮೆರಾ, ಅಚ್ಚುಕಟ್ಟಾದ ಬೆಳಕು ಇವೆಲ್ಲ ಅಂಥ ಗುರುತುಗಳು. 1979ರ ‘ನಾ ನಿನ್ನ ಬಿಡಲಾರೆ’ ಚಿತ್ರವನ್ನಾಗಲಿ 2004ರ ‘ಆಪ್ತಮಿತ್ರ’ವನ್ನಾಗಲಿ ನೋಡಿ ಹೆದರಿದವರಿಗೂ ತೆರೆಯ ಮೇಲಿರುವವರು ಅನಂತನಾಗ್, ಲಕ್ಷ್ಮಿ, ವಿಷ್ಣುವರ್ಧನ್, ಸೌಂದರ್ಯ ಎಂಬ ಅರಿವು ತಪ್ಪಿರಲಿಲ್ಲ.

ದೊರೆತ ದೃಶ್ಯಾವಳಿಯ ಚಿತ್ರ ಈ ಗುರುತುಗಳನ್ನು ಒಂದೊಂದಾಗಿ ಅಳಿಸುತ್ತದೆ. ಕ್ಯಾಮೆರಾ ಪಾತ್ರವೊಂದರ ಕೈಯಲ್ಲಿಯೇ ಇರುತ್ತದೆ. ಓಡಿದಾಗ ಚಿತ್ರ ಕುಲುಕುತ್ತದೆ, ಕತ್ತಲಾದಾಗ ಏನೂ ಕಾಣದಾಗುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ನಟರು ಹೊಸಬರು. ಆರಂಭದಲ್ಲಿ ಸ್ಥಳ, ದಿನಾಂಕಗಳುಳ್ಳ ಒಕ್ಕಣೆಯೊಂದು ಮೂಡುತ್ತದೆ. ದೆವ್ವ ಕಣ್ಣಿಗೆ ಬೀಳುವುದು ಬಹಳ ಕಡಿಮೆ, ಒಮ್ಮೊಮ್ಮೆ ಬೀಳುವುದೇ ಇಲ್ಲ. ಭಯದ ಬಹುಪಾಲು ‘ಇದು ನಡೆದದ್ದು’ ಎಂಬ ಭಾವನೆಯಿಂದ ಹುಟ್ಟುತ್ತದೆ.

ಕನ್ನಡದ ನಿದರ್ಶನ: ‘6-5=2’

ಕೆ. ಎಸ್. ಅಶೋಕ ನಿರ್ದೇಶನದ ‘6-5=2’ ಚಿತ್ರ 2013ರ ನವೆಂಬರ್ ತಿಂಗಳಲ್ಲಿ ಬಿಡುಗಡೆಯಾಯಿತು. ಈ ಮಾದರಿಯ ಮೊದಲ ಕನ್ನಡ ಚಿತ್ರವೆಂದು ಇದನ್ನು ಗುರುತಿಸಲಾಗುತ್ತದೆ. ಗೆಳೆಯ ಗೆಳತಿಯರ ಆರು ಮಂದಿಯ ತಂಡವೊಂದು ಕಾಡಿನ ಬೆಟ್ಟಕ್ಕೆ ಚಾರಣ ಹೋಗಿ ಆಪತ್ತಿಗೆ ಸಿಲುಕುತ್ತದೆ. ಅವರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೇ ಈ ಚಿತ್ರ ಎಂಬುದು ಅದರ ನಿರೂಪಣೆ. ಶೀರ್ಷಿಕೆಯಲ್ಲಿಯೇ ಒಂದು ಒಗಟಿದೆ. ಆರರಲ್ಲಿ ಐದು ಕಳೆದರೆ ಉಳಿಯಬೇಕಾದುದು ಒಂದು. ಎರಡು ಉಳಿದಿದೆ ಎಂದರೆ ಲೆಕ್ಕಕ್ಕೆ ಸೇರದ ಇನ್ನೊಂದು ಯಾವುದು ಎಂಬ ಪ್ರಶ್ನೆ ಪ್ರೇಕ್ಷಕನ ಮನಸ್ಸಿನಲ್ಲಿ ಮೊದಲೇ ಮೂಡಿಬಿಡುತ್ತದೆ.

ತಾರೆಯರ ಆಸರೆಯಿಲ್ಲದ ಈ ಸಣ್ಣ ಚಿತ್ರ ಬಾಯಿಮಾತಿನ ಪ್ರಚಾರದಿಂದ ಜನರನ್ನು ಸೆಳೆಯಿತು. 2014ರಲ್ಲಿ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು. ‘ಇದು ನಿಜವಾಗಿ ನಡೆದ ಘಟನೆಯೆ?’ ಎಂಬುದು ನೋಡಿದವರಲ್ಲಿ ಮತ್ತೆಮತ್ತೆ ಕೇಳಿಬಂದ ಪ್ರಶ್ನೆ. ಕರ್ನಾಟಕದಲ್ಲಿ ಚಾರಣ ಕಾಲೇಜು ವಿದ್ಯಾರ್ಥಿಗಳ ಮತ್ತು ಐ.ಟಿ. ಉದ್ಯೋಗಿಗಳ ಹವ್ಯಾಸವಾಗಿ ಹಬ್ಬಿದ್ದ ಕಾಲವಾದುದರಿಂದ ಕಥೆಯ ಸನ್ನಿವೇಶ ಎಲ್ಲರಿಗೂ ಹತ್ತಿರದ್ದೆನಿಸಿತು. ಕ್ಯಾಮೆರಾ ಹಿಡಿದು ಬೆಟ್ಟ ಹತ್ತುವ ಯುವಕರು ಪ್ರತಿ ಮನೆಯಲ್ಲಿಯೂ ಇದ್ದರು.

ಪ್ರಶ್ನೆಗೆ ಉತ್ತರ ಮಾತ್ರ ಸರಳವಾಗಿದೆ. ಇದು ಬರೆದು, ನಟಿಸಿ, ಸಂಕಲಿಸಿದ ಕಥಾಚಿತ್ರ. ಇದರಲ್ಲಿ ನಟಿಸಿದ ವಿಜಯ್ ಚೆಂಡೂರ್ ಅನಂತರ ಹಲವು ಕನ್ನಡ ಚಿತ್ರಗಳ ಹಾಸ್ಯಪಾತ್ರಗಳಲ್ಲಿ ಕಾಣಿಸಿಕೊಂಡರು. ನಿರ್ದೇಶಕರು 2020ರಲ್ಲಿ ‘ದಿಯಾ’ ಎಂಬ ಪ್ರೇಮಕಥೆಯನ್ನು ತೆರೆಗೆ ತಂದರು. ಹೆದರಿದ ಮಗುವಿಗೆ ಆ ನಟನ ಮತ್ತೊಂದು ಚಿತ್ರದ ನಗೆಯ ದೃಶ್ಯ ತೋರಿಸುವುದು ದೀರ್ಘ ಉಪದೇಶಕ್ಕಿಂತ ಹೆಚ್ಚು ಪರಿಣಾಮಕಾರಿ.

ಪ್ರೇಕ್ಷಕರ ಪ್ರತಿಕ್ರಿಯೆಯ ನಾಲ್ಕು ಬಗೆ

ಈ ಮಾದರಿಯ ಚಿತ್ರಗಳಿಗೆ ಎಲ್ಲ ದೇಶಗಳಲ್ಲಿಯೂ ಕಂಡುಬಂದ ಪ್ರತಿಕ್ರಿಯೆಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ನಂಬಿಕೆ ಅಥವಾ ಅರೆನಂಬಿಕೆ. ಚಿತ್ರ ಮುಗಿದ ಮೇಲೆಯೂ ‘ಇರಬಹುದೇನೋ’ ಎಂಬ ಶಂಕೆ ಉಳಿಯುತ್ತದೆ. ರಾತ್ರಿ ಒಬ್ಬರೇ ಹಿತ್ತಲಿಗೆ ಹೋಗಲು ಅಳುಕುವುದು, ದೀಪವಾರಿಸಲು ಹಿಂಜರಿಯುವುದು ಇದರ ಫಲ.

ಎರಡನೆಯದು ದೈಹಿಕವಾದುದು. ಕುಲುಕುವ ಚಿತ್ರವನ್ನು ದೊಡ್ಡ ತೆರೆಯಲ್ಲಿ ನೋಡಿದ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಕಣ್ಣು ಚಲನೆಯನ್ನು ಕಾಣುತ್ತಿದ್ದರೂ ಒಳಕಿವಿ ಅದನ್ನು ಅನುಭವಿಸುವುದಿಲ್ಲ. ಈ ಹೊಂದಾಣಿಕೆ ತಪ್ಪುವುದರಿಂದ ಬಸ್ಸಿನಲ್ಲಿ ಘಾಟಿ ಇಳಿಯುವಾಗಿನಂಥ ಸಂಕಟವಾಗುತ್ತದೆ. ಇದಕ್ಕೂ ಪ್ರೇತಬಾಧೆಗೂ ಸಂಬಂಧವಿಲ್ಲ. ತೆರೆಯಿಂದ ದೂರ ಕುಳಿತರೆ, ಆಗಾಗ ಕಣ್ಣು ಬೇರೆಡೆ ಹೊರಳಿಸಿದರೆ ತೊಂದರೆ ತಗ್ಗುತ್ತದೆ.

ಮೂರನೆಯದು ನಿರಾಶೆ. ದೆವ್ವವನ್ನು ಕಾಣಲೆಂದು ಟಿಕೆಟ್ ಕೊಂಡವರು ‘ಕಾಡಿನಲ್ಲಿ ನಡೆದದ್ದೇ ನಡೆದದ್ದು, ಕಂಡದ್ದೇನೂ ಇಲ್ಲ’ ಎಂದು ಅಸಮಾಧಾನಗೊಳ್ಳುತ್ತಾರೆ. 1999ರ ಅಮೆರಿಕದ ಚಿತ್ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ವಿಶ್ವದಾದ್ಯಂತ ಸುಮಾರು 24.8 ಕೋಟಿ ಡಾಲರ್ ಗಳಿಸಿತು. ಆದರೂ ಚಿತ್ರಮಂದಿರದಿಂದ ಹೊರಬರುವ ಪ್ರೇಕ್ಷಕರ ಅಭಿಪ್ರಾಯ ಸಂಗ್ರಹಿಸುವ ಸಿನೆಮಾಸ್ಕೋರ್ ಸಂಸ್ಥೆಯ ಎಣಿಕೆಯಲ್ಲಿ ಅದಕ್ಕೆ ದೊರೆತದ್ದು ‘ಸಿ ಪ್ಲಸ್’ ದರ್ಜೆ ಮಾತ್ರ. ಕುತೂಹಲದಿಂದ ಬಂದವರೆಲ್ಲರೂ ಮೆಚ್ಚಿ ಮರಳಲಿಲ್ಲ.

ನಾಲ್ಕನೆಯದು ಗುಂಪಿನ ಕೂಗು ಮತ್ತು ನಗು. ಭಯ ಒಬ್ಬರಿಂದ ಒಬ್ಬರಿಗೆ ಹರಡುವಂತೆಯೇ ನಗುವೂ ಹರಡುತ್ತದೆ. ಓರೆನ್ ಪೆಲಿ ಅವರು ಸುಮಾರು 15,000 ಡಾಲರ್ ವೆಚ್ಚದಲ್ಲಿ ತೆಗೆದ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ 2009ರಲ್ಲಿ ವ್ಯಾಪಕವಾಗಿ ಬಿಡುಗಡೆಯಾದಾಗ ಅದರ ಜಾಹೀರಾತಿನಲ್ಲಿ ಚಿತ್ರದ ದೃಶ್ಯಗಳ ಜೊತೆಗೆ ಕತ್ತಲೆಯಲ್ಲಿ ಬೆಚ್ಚಿ ಕಿರುಚುವ ಪ್ರೇಕ್ಷಕರನ್ನೇ ತೋರಿಸಲಾಯಿತು. ಪ್ರೇಕ್ಷಕರ ಪ್ರತಿಕ್ರಿಯೆಯೇ ಅಲ್ಲಿ ಮಾರಾಟದ ಸರಕಾಯಿತು.

ಹೊರನಾಡುಗಳ ಮೂರು ಪ್ರಸಂಗಗಳು

ಈ ಪ್ರತಿಕ್ರಿಯೆಗಳ ಪೈಕಿ ಹೆಚ್ಚು ವಿಚಾರಯೋಗ್ಯವಾದುದು ಮೊದಲನೆಯದು. ಜನರು ಯಾವಾಗ ನಂಬುತ್ತಾರೆ ಎಂಬುದಕ್ಕೆ ಮೂರು ಪ್ರಸಂಗಗಳು ಬೆಳಕು ಚೆಲ್ಲುತ್ತವೆ.

1938ರ ಅಕ್ಟೋಬರ್ 30ರಂದು ಅಮೆರಿಕದ ಸಿ.ಬಿ.ಎಸ್. ಬಾನುಲಿಯಲ್ಲಿ ಆರ್ಸನ್ ವೆಲ್ಸ್ ಅವರ ತಂಡ ಎಚ್. ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಕಾದಂಬರಿಯನ್ನು ವಾರ್ತಾಪ್ರಸಾರದ ಧಾಟಿಯಲ್ಲಿ ನಾಟಕವಾಗಿಸಿತು. ನಾಟಕವೆಂಬ ಸೂಚನೆ ಆರಂಭದಲ್ಲಿಯೇ ಇತ್ತು. ಆದರೆ ನಡುವೆ ಬಂದು ಕಿವಿಗೊಟ್ಟವರಿಗೆ ಅದು ತಿಳಿಯಲಿಲ್ಲ. ಅವರಲ್ಲಿ ಕೆಲವರು ಗಾಬರಿಗೊಂಡರು. ದೇಶವೇ ಭಯದಿಂದ ಬೀದಿಗಿಳಿಯಿತೆಂಬ ಮರುದಿನದ ಪತ್ರಿಕಾವರದಿಗಳು ಉತ್ಪ್ರೇಕ್ಷೆಯಿಂದ ಕೂಡಿದ್ದವೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಕಥೆಯನ್ನು ವಾರ್ತೆಯೆಂದು ತಿಳಿದವರ ಸುದ್ದಿಯೂ ಹೀಗೆ ಹಿಗ್ಗಿದ ಕಥೆಯಾಗಿ ಉಳಿಯಿತು.

1992ರ ಅಕ್ಟೋಬರ್ 31ರಂದು ಬಿ.ಬಿ.ಸಿ. ದೂರದರ್ಶನ ‘ಘೋಸ್ಟ್‌ವಾಚ್’ ಎಂಬ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ದೆವ್ವದ ಕಾಟವಿರುವ ಮನೆಯೊಂದರಿಂದ ನೇರಪ್ರಸಾರವೆಂಬಂತೆ ಅದು ಸಾಗಿತು. ವಾಸ್ತವದಲ್ಲಿ ಅದು ಮೊದಲೇ ಚಿತ್ರೀಕರಿಸಿದ, ಸ್ಟೀಫನ್ ವೋಕ್ ಬರೆದ ನಾಟಕ. ಆದರೆ ಅದನ್ನು ನಡೆಸಿಕೊಟ್ಟವರು ಮೈಕೇಲ್ ಪಾರ್ಕಿನ್ಸನ್, ಸಾರಾ ಗ್ರೀನ್ ಮೊದಲಾದ ನಿಜವಾದ ನಿರೂಪಕರು. ಸಾರಾ ಗ್ರೀನ್ ಮಕ್ಕಳ ಕಾರ್ಯಕ್ರಮಗಳ ಅಚ್ಚುಮೆಚ್ಚಿನ ಮುಖ. ಸಾವಿರಾರು ದೂರವಾಣಿ ಕರೆಗಳು ಬಂದವು. ತಮಗೇನೂ ಆಗಿಲ್ಲವೆಂದು ಆಕೆ ಮಕ್ಕಳಿಗೆ ತೆರೆಯ ಮೇಲೆ ಬಂದು ಧೈರ್ಯ ಹೇಳಬೇಕಾಯಿತು. ಆ ಕಾರ್ಯಕ್ರಮ ನೋಡಿದ ಬಳಿಕ ತೀವ್ರ ಆಘಾತದ ಲಕ್ಷಣಗಳನ್ನು ತೋರಿದ 10 ವರ್ಷದ ಇಬ್ಬರು ಬಾಲಕರ ವಿಷಯವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ 1994ರಲ್ಲಿ ಪ್ರಕಟಿಸಿತು. ಬಿ.ಬಿ.ಸಿ. ಅದನ್ನು ಬ್ರಿಟನ್ನಿನಲ್ಲಿ ಮತ್ತೆ ಪ್ರಸಾರ ಮಾಡಿಲ್ಲ.

ಮೂರನೆಯದು ಮೇಲೆ ಹೇಳಿದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ಮೇರಿಲ್ಯಾಂಡಿನ ಕಾಡಿನಲ್ಲಿ 1994ರಲ್ಲಿ ಮೂವರು ವಿದ್ಯಾರ್ಥಿಗಳು ಕಣ್ಮರೆಯಾದರು, ಅವರ ದೃಶ್ಯಾವಳಿ ಒಂದು ವರ್ಷದ ಬಳಿಕ ದೊರೆಯಿತು ಎಂಬ ಒಕ್ಕಣೆಯಿಂದ ಅದು ಆರಂಭವಾಗುತ್ತದೆ. ನಟರು ತಮ್ಮ ಸ್ವಂತ ಹೆಸರುಗಳಲ್ಲಿಯೇ ಅಭಿನಯಿಸಿದರು. ಬಿಡುಗಡೆಗೆ ಮೊದಲು ‘ಕಾಣೆಯಾಗಿದ್ದಾರೆ’ ಎಂಬ ಭಿತ್ತಿಪತ್ರಗಳನ್ನು ಹಂಚಲಾಯಿತು; ಅಂತರಜಾಲದಲ್ಲಿ ಕಲ್ಪಿತ ದಾಖಲೆಗಳನ್ನು ಇರಿಸಲಾಯಿತು. ಬದುಕಿಯೇ ಇದ್ದ ನಟಿಯ ತಾಯಿಗೆ ಸಂತಾಪಸೂಚಕ ಪತ್ರಗಳು ಬಂದವು.

ಮೂರರಲ್ಲಿಯೂ ಒಂದು ಸಾಮ್ಯವಿದೆ. ಜನರನ್ನು ನಂಬಿಸಿದ್ದು ಕಥೆಯನ್ನು ಸುತ್ತುವರಿದಿದ್ದ ಚೌಕಟ್ಟು. ಮೊದಲನೆಯದರಲ್ಲಿ ವಾರ್ತೆಯ ಧ್ವನಿ, ಎರಡನೆಯದರಲ್ಲಿ ಪರಿಚಿತ ನಿರೂಪಕರ ಮುಖ, ಮೂರನೆಯದರಲ್ಲಿ ಪೋಲೀಸರ ಪ್ರಕಟಣೆಯಂಥ ಭಿತ್ತಿಪತ್ರ ಆ ಕೆಲಸ ಮಾಡಿದವು.

ಮಕ್ಕಳ ಭಯ: ವಯಸ್ಸಿಗೆ ತಕ್ಕ ವ್ಯತ್ಯಾಸ

ಪರದೆಯ ದೃಶ್ಯಗಳು ಮಕ್ಕಳಲ್ಲಿ ಹುಟ್ಟಿಸುವ ಭಯದ ಬಗ್ಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೋಆನ್ ಕ್ಯಾಂಟರ್ ದೀರ್ಘಕಾಲ ಅಧ್ಯಯನ ನಡೆಸಿದ್ದಾರೆ. ಅವರ ವಿವೇಚನೆಯಂತೆ ಸುಮಾರು 7–8 ವರ್ಷದೊಳಗಿನ ಮಕ್ಕಳು ರೂಪಕ್ಕೆ ಹೆದರುತ್ತಾರೆ: ವಿಕಾರ ಮುಖ, ಕತ್ತಲೆ, ಇದ್ದಕ್ಕಿದ್ದಂತೆ ಕೇಳುವ ಶಬ್ದ. ದೊಡ್ಡ ಮಕ್ಕಳು ಸಂಭವಕ್ಕೆ ಹೆದರುತ್ತಾರೆ: ಇದು ನಮಗೂ ಆಗಬಹುದೇ ಎಂಬುದು ಅವರ ಆತಂಕ. ಸಾಮಾನ್ಯ ದೆವ್ವದ ಚಿತ್ರ ದೊಡ್ಡ ಮಕ್ಕಳನ್ನು ಅಷ್ಟಾಗಿ ಕಾಡುವುದಿಲ್ಲ. ಅದು ಕಟ್ಟುಕಥೆಯೆಂದು ಅವರು ಬಲ್ಲರು. ಸಾಕ್ಷ್ಯಚಿತ್ರದ ವೇಷ ತೊಟ್ಟ ದೆವ್ವದ ಚಿತ್ರವಾದರೋ ಚಿಕ್ಕವರನ್ನು ಕತ್ತಲೆ ಮತ್ತು ಶಬ್ದಗಳಿಂದ, ದೊಡ್ಡವರನ್ನು ‘ನಿಜ’ ಎಂಬ ಮಾತಿನಿಂದ ಒಟ್ಟಿಗೆ ಹೆದರಿಸುತ್ತದೆ.

ಸಮಾಧಾನದ ಕ್ರಮವೂ ವಯಸ್ಸಿಗೆ ತಕ್ಕಂತೆ ಬೇರೆಯಾಗಬೇಕು. ‘ಅದು ಸುಳ್ಳು ಕಣೋ’ ಎಂಬ ವಿವರಣೆ ಐದು ವರ್ಷದ ಮಗುವಿಗೆ ಹಿಡಿಸುವುದಿಲ್ಲ. ಪರದೆಯನ್ನು ಆರಿಸಿ, ತೊಡೆಯ ಮೇಲೆ ಕೂರಿಸಿಕೊಂಡು, ಕುಡಿಯಲು ಏನಾದರೂ ಕೊಟ್ಟು, ಬೇರೆ ಮಾತಿಗೆ ತೊಡಗಿಸುವುದೇ ಅದಕ್ಕೆ ಮದ್ದು. ಹನ್ನೆರಡರ ಹುಡುಗನಿಗೆ ಚಿತ್ರ ತೆಗೆದ ಬಗೆಯನ್ನು ವಿವರಿಸಿದರೆ ಭಯದ ಸ್ಥಾನದಲ್ಲಿ ಕುತೂಹಲ ಹುಟ್ಟುತ್ತದೆ. ಹೆದರಿದ ಮಗುವನ್ನು ಪುಕ್ಕಲನೆಂದು ಹಂಗಿಸುವುದು ಯಾವ ವಯಸ್ಸಿನಲ್ಲಿಯೂ ಸಲ್ಲದು. ಹಂಗಿಸಿಕೊಂಡ ಮಗು ಮುಂದೆ ತಾನು ನೋಡಿದ್ದನ್ನು ಮನೆಯಲ್ಲಿ ಹೇಳುವುದಿಲ್ಲ.

ಚೌಕಟ್ಟು ಕಳಚಿದ ತುಣುಕುಗಳು: 2018ರ ಪಾಠ

ದೆವ್ವದ ಚಿತ್ರದಿಂದ ಒಂದು ರಾತ್ರಿಯ ನಿದ್ದೆ ಕೆಡಬಹುದು. ಆದರೆ ‘ನಿಜವಾದ ದೃಶ್ಯ’ ಎಂಬ ಚೀಟಿ ಅಂಟಿಸಿದ್ದನ್ನೆಲ್ಲ ನಂಬುವ ಅಭ್ಯಾಸ ಪ್ರಾಣಕ್ಕೂ ಎರವಾಗಬಲ್ಲುದು. ಇದಕ್ಕೆ ನಮ್ಮ ಜಿಲ್ಲೆಯ ಎರಡು ಮಗ್ಗುಲಲ್ಲಿಯೂ ಸಾಕ್ಷ್ಯವಿದೆ.

ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಶ್ರಮಿಸುವ ರೋಶ್ನಿ ಎಂಬ ಸಂಸ್ಥೆ ಜಾಗೃತಿಗಾಗಿ ಒಂದು ಕಿರುಚಿತ್ರವನ್ನು ತಯಾರಿಸಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೂಡಲೇ ಹಿಂದಿರುಗಿ ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಕೊನೆಯ ಭಾಗವನ್ನು ಕತ್ತರಿಸಿ, ಮಗುವನ್ನು ಕದ್ದೊಯ್ಯುವ ದೃಶ್ಯವನ್ನಷ್ಟೇ ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಟ್ಟರು. ಇಂಥ ತುಣುಕುಗಳೂ ಧ್ವನಿಸಂದೇಶಗಳೂ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಒಕ್ಕಣೆಯೊಂದಿಗೆ 2018ರಲ್ಲಿ ಭಾರತದ ಅನೇಕ ಭಾಷೆಗಳಲ್ಲಿ ಹರಡಿದವು. ಆ ವರ್ಷದ ಮೇ ತಿಂಗಳಲ್ಲಿ, ನೆರೆಯ ತಿರುವಣ್ಣಾಮಲೈ ಜಿಲ್ಲೆಯಲ್ಲಿ ದೇವರ ದರ್ಶನಕ್ಕೆ ಹೊರಟಿದ್ದ ವೃದ್ಧೆಯೊಬ್ಬರು ಮಕ್ಕಳಿಗೆ ಮಿಠಾಯಿ ಕೊಟ್ಟರೆಂಬ ಕಾರಣಕ್ಕೆ ಗುಂಪಿನ ಹೊಡೆತಕ್ಕೆ ಬಲಿಯಾದರು. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಅದೇ ಶಂಕೆಯಿಂದ ಕೊಲೆಯಾದನು.

ಕರಾಚಿಯ ಕಿರುಚಿತ್ರ ತಯಾರಿಸಿದವರ ಉದ್ದೇಶ ಮೋಸವಾಗಿರಲಿಲ್ಲ. ಚೌಕಟ್ಟನ್ನು ಕಳಚಿದ ಮೇಲೆ ಅದು ‘ದೊರೆತ ದೃಶ್ಯಾವಳಿ’ಯಾಗಿ ಮಾರ್ಪಟ್ಟಿತು. ತಮಿಳು ಮತ್ತು ಕನ್ನಡ ಎರಡೂ ಭಾಷೆಗಳ ಸಂದೇಶಗಳು ತಲುಪುವ ಗಡಿಜಿಲ್ಲೆಯ ಮನೆಗಳಿಗೆ ಇಂಥ ವದಂತಿ ಎರಡು ದಾರಿಯಿಂದ ಬರುತ್ತದೆ. ಎರಡು ಭಾಷೆಗಳಲ್ಲಿ ಬಂದ ಮಾತ್ರಕ್ಕೆ ಸುದ್ದಿ ಎರಡು ಪಟ್ಟು ನಿಜವಾಗುವುದಿಲ್ಲ.

ಕಥೆ ಹೇಳುವ ನಮ್ಮ ಹಿಂದಿನ ಕ್ರಮ

ದೆವ್ವದ ಕಥೆಗಳು ನಮಗೆ ಹೊಸತಲ್ಲ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವನ್ನು ಹಿಂದಕ್ಕೆ ಕಳುಹಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಸಂಗತಿ ಹಿರಿಯರ ನೆನಪಿನಲ್ಲಿದೆ. ಓದುಬರಹವಿರುವ ದೆವ್ವ ಪ್ರತಿದಿನ ಆ ಬರಹವನ್ನು ಓದಿ ಮರಳುತ್ತದೆ ಎಂಬ ತಮಾಷೆಯೂ ಆ ಭಯದೊಳಗೇ ಅಡಗಿತ್ತು.

ಮನೆಯ ಹಿರಿಯರು ಹೇಳುವ ಕಥೆಗೂ ಈಗಿನ ದೃಶ್ಯಾವಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅದು ವ್ಯಾಕರಣಕ್ಕೆ ಸಂಬಂಧಿಸಿದುದು. ಅಜ್ಜಿ ಕಥೆ ಹೇಳುವಾಗ ‘ಹುಣಸೆಮರದಲ್ಲಿ ದೆವ್ವ ಇತ್ತಂತೆ, ಅವನು ಒಬ್ಬನೇ ಬಂದನಂತೆ’ ಎನ್ನುತ್ತಾಳೆ. ಈ ‘ಅಂತೆ’ ಎಂಬುದು ‘ನಾನು ಕಂಡದ್ದಲ್ಲ, ಕೇಳಿದ್ದು’ ಎಂಬ ಅರ್ಥ ಕೊಡುತ್ತದೆ. ನಮ್ಮ ಪ್ರದೇಶದ ಮೂರು ಭಾಷೆಗಳಿಗೂ ಈ ಸೌಲಭ್ಯವಿದೆ. ಕನ್ನಡದ ‘ಬಂದನಂತೆ’ ಎಂಬುದನ್ನು ತಮಿಳರು ‘ವಂದಾನಾಮ್’ ಎನ್ನುತ್ತಾರೆ, ತೆಲುಗರು ‘ವಚ್ಚಾಡಟ’ ಎನ್ನುತ್ತಾರೆ. ಕೇಳಿದ್ದನ್ನು ಕಂಡದ್ದರಿಂದ ಬೇರ್ಪಡಿಸುವ ವಿವೇಕ ಮಾತಿನಲ್ಲಿಯೇ ಹೆಣೆದುಕೊಂಡಿದೆ.

ಕ್ಯಾಮೆರಾದ ಭಾಷೆಯಲ್ಲಿ ‘ಅಂತೆ’ ಇಲ್ಲ. ಅದು ತೋರಿಸಿದ್ದೆಲ್ಲವೂ ‘ಇದೆ’, ‘ಆಯಿತು’ ಎಂಬಂತೆ ಕಾಣುತ್ತದೆ. ಆದ್ದರಿಂದ ಬಿಟ್ಟುಹೋದ ‘ಅಂತೆ’ಯನ್ನು ನೋಡುವವರೇ ಸೇರಿಸಿಕೊಳ್ಳಬೇಕಾಗುತ್ತದೆ. ಕನ್ನಡ ಶಾಲೆಯ ತರಗತಿಯಲ್ಲಿ ಇದನ್ನು ಅಭ್ಯಾಸವಾಗಿಯೇ ಮಾಡಿಸಬಹುದು. ಮೊಬೈಲಿಗೆ ಬಂದ ತುಣುಕೊಂದನ್ನು ಮಕ್ಕಳು ತಮ್ಮ ಮಾತಿನಲ್ಲಿ, ಪ್ರತಿ ವಾಕ್ಯಕ್ಕೂ ‘ಅಂತೆ’ ಸೇರಿಸಿ ಬರೆಯಲಿ. ಯಾವ ವಾಕ್ಯದಿಂದ ಅದನ್ನು ತೆಗೆಯಬಹುದು, ತೆಗೆಯಲು ಆಧಾರವೇನು ಎಂದು ಬಳಿಕ ಚರ್ಚಿಸಲಿ.

ಪ್ರಮಾಣಪತ್ರ ಮತ್ತು ವಯೋಮಿತಿ

ಭಾರತದಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸುವ ಪ್ರತಿ ಚಲನಚಿತ್ರಕ್ಕೂ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಬೇಕು. ‘ಯು’ ಎಲ್ಲರಿಗೂ, ‘ಎ’ 18 ವರ್ಷ ತುಂಬಿದವರಿಗೆ. ನಡುವಣ ‘ಯುಎ’ ವರ್ಗವನ್ನು 2024ರ ನಿಯಮಗಳು 7+, 13+, 16+ ಎಂದು ಮೂರಾಗಿ ವಿಭಾಗಿಸಿವೆ. ಅಂತರಜಾಲದ ಚಿತ್ರವೇದಿಕೆಗಳಿಗೂ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಇದೇ ಬಗೆಯ ವಯೋವರ್ಗಗಳನ್ನು ವಿಧಿಸಿವೆ. 13+ ಮತ್ತು ಅದಕ್ಕೆ ಮೇಲ್ಪಟ್ಟ ಚಿತ್ರಗಳಿಗೆ ಪೋಷಕರು ಬೀಗ ಹಾಕುವ ವ್ಯವಸ್ಥೆ ಇರಬೇಕು. ಇದನ್ನು ಮನೆಯ ದೂರದರ್ಶನದಲ್ಲಿಯೂ ಮೊಬೈಲಿನಲ್ಲಿಯೂ ಒಮ್ಮೆ ಹೊಂದಿಸಿಡುವುದು ಒಳಿತು. ಹಂಚಿಕೊಂಡು ಬರುವ ಬಿಡಿತುಣುಕುಗಳಿಗೆ ಮಾತ್ರ ಈ ಯಾವ ರಕ್ಷಣೆಯೂ ಇಲ್ಲ.

ಬೆಟ್ಟ ಹತ್ತುವ ಉತ್ಸಾಹದ ಬಗ್ಗೆ

ಇಂಥ ಚಿತ್ರ ನೋಡಿದ ಹದಿಹರೆಯದವರಲ್ಲಿ ತಾವೂ ರಾತ್ರಿ ಬೆಟ್ಟಕ್ಕೆ ಹೋಗಿ ಚಿತ್ರೀಕರಿಸಬೇಕೆಂಬ ಆಸೆ ಹುಟ್ಟುವುದುಂಟು. ತಳಿ, ಜವಳಗಿರಿ, ಅಂಚೆಟ್ಟಿ ಭಾಗದ ಕಾಡುಗಳು ಬನ್ನೇರುಘಟ್ಟದ ಕಡೆಯಿಂದ ಬರುವ ಕಾಡಾನೆಗಳ ಸಂಚಾರದ ದಾರಿ. ಅಲ್ಲಿನ ಅಪಾಯ ಕಲ್ಪಿತವಲ್ಲ. ತೇಣಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ ತಿಂಗಳಲ್ಲಿ ಕಾಡ್ಗಿಚ್ಚಿಗೆ ಸಿಲುಕಿ ಹಲವು ಚಾರಣಿಗರು ಮೃತಪಟ್ಟ ಬಳಿಕ ತಮಿಳುನಾಡು ಸರಕಾರ ಚಾರಣಕ್ಕೆ ಪ್ರತ್ಯೇಕ ನಿಯಮಗಳನ್ನು ರೂಪಿಸಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡು ಹೊಗುವುದು ಅಪರಾಧ.

ತುಣುಕು ಬಂದಾಗ ಕೇಳಬೇಕಾದ ಪ್ರಶ್ನೆಗಳು

1. ಈ ದೃಶ್ಯದಲ್ಲಿ ಕ್ಯಾಮೆರಾ ಹಿಡಿದವರು ಯಾರು? ಪ್ರಾಣಭಯದಿಂದ ಓಡುವಾಗಲೂ ಅವರು ಚಿತ್ರೀಕರಣ ನಿಲ್ಲಿಸಲಿಲ್ಲವೇಕೆ?

2. ಇದಕ್ಕೆ ಮೊದಲು ಏನಿತ್ತು, ಅನಂತರ ಏನಾಯಿತು? ತುಣುಕು ಎಲ್ಲಿ ಕತ್ತರಿಸಲ್ಪಟ್ಟಿದೆ?

3. ಊರು, ದಿನಾಂಕ ಹೇಳಿದೆಯೆ? ಹೇಳಿದ್ದರೆ ಆ ದಿನದ ಪತ್ರಿಕೆಗಳಲ್ಲಿ ಈ ಸುದ್ದಿ ಇದೆಯೆ?

4. ಇದರಲ್ಲಿರುವವರು ಬೇರೆ ಯಾವ ಚಿತ್ರದಲ್ಲಾದರೂ ನಟಿಸಿದ್ದಾರೆಯೆ?

5. ಇದನ್ನು ನಂಬಿದರೆ ಯಾರಿಗೆ ಲಾಭ, ಯಾರಿಗೆ ಹಾನಿ?

6. ಕಳುಹಿಸಿದವರು ತಾವೇ ಕಂಡರೆ, ಕೇಳಿದರೆ?

ಆರನೆಯ ಪ್ರಶ್ನೆಗೆ ‘ಕೇಳಿದ್ದು’ ಎಂಬ ಉತ್ತರ ಬಂದಲ್ಲಿ ತುಣುಕನ್ನು ಮುಂದಕ್ಕೆ ಕಳುಹಿಸದಿರುವುದೇ ಸರಿಯಾದ ಕ್ರಮ. ಅದು ದೆವ್ವದ ಕಥೆಯಾಗಿದ್ದರೆ ಮನೆಮಂದಿಯೆಲ್ಲ ಕೂಡಿ ಕುಳಿತು, ಕಥೆಯೆಂದೇ ತಿಳಿದು ನೋಡಿ ಬೆಚ್ಚಬಹುದು, ನಗಬಹುದು. ಮನುಷ್ಯರ ಮೇಲಿನ ಆರೋಪವಾಗಿದ್ದರೆ ಹತ್ತಿರದ ಪೋಲೀಸ್ ಠಾಣೆಗೆ ತೋರಿಸಿ ವಿಚಾರಿಸಬೇಕು.